ಮೌಶಿಯ ಮಾರಿ, ಹತ್ತು ಮೆಟ್ಟಲ

(ಧಾರವಾಡ, ಸಪ್ತಾಪುರ. ಮೌಶಿ ಕನ್ನಡಿ ಮುಂದ. ಕನ್ನಡಿ ಕಾಣವಲ್ದು, ಬಾಟಲಿ ಅಡ್ಡ ಬಂದಾವ.)

ಹುಡುಗಿ: ಇದೇನ ಮೌಶಿ, ಸುಭಾಸ ರೋಡಿನ ಅಂಗಡಿ ಪೂರಾ ಮನೀಗೆ ಬಂತೇನು?

ಮೌಶಿ: ಫೋನಿನ್ಯಾಗ ಒಬ್ಬಾಕಿ ಹೇಳ್ಯಾಳವಾ. ಕೊರಿಯಾದವರ ಹತ್ತು ಮೆಟ್ಟಲ ಹತ್ತಿದ್ರ ಮಾರಿ ಗಾಜಿನಂಗ ಆಗ್ತದಂತ.

ಹುಡುಗಿ: ನಿನ್ನ ಚರ್ಮ ಯಾವ ನಮೂನಿದು?

ಮೌಶಿ: ಗೋಧಿ ಬಣ್ಣ, ನಮ್ಮವ್ವನಂಗ.

ಹುಡುಗಿ: ಬಣ್ಣ ಅಲ್ಲ. ಮಾರಿ ತೊಳಕೊಂಡು ಏನೂ ಹಚ್ಚದ ಅರ್ಧ ತಾಸು ಕೂಡು. ಎಲ್ಲಾ ಮಿಂಚಿದ್ರ ಜಿಡ್ಡು, ಬಿಗದ್ರ ಒಣ, ಹಣಿ-ಮೂಗಷ್ಟ ಮಿಂಚಿದ್ರ ಮಿಶ್ರ.

ಮೌಶಿ: ಅರ್ಧ ತಾಸು ಬರೇ ಮಾರಿ? ಯಾರರ ನೋಡಿದ್ರ?

ಹುಡುಗಿ: ಆ ಲಿಂಬಿಹಣ್ಣ ಯಾಕ?

ಮೌಶಿ: ಹಿತ್ತಲದ್ದ. ಏನೂ ಆಗಂಗಿಲ್ಲ.

ಹುಡುಗಿ: ಚರ್ಮದ ಪಿಎಚ್ ಸುಮಾರು 5, ಲಿಂಬಿದು 2. ಹಚ್ಚಿ ಬಿಸಲಿಗೆ ಹೋದ್ರ ಸುಡ್ತದ, ಕಲಿ ಬೀಳ್ತಾವ.

ಮೌಶಿ: ಈ ಟ್ಯೂಬ? ಎಂಟ ದಿನದಾಗ ಬೆಳ್ಳಗ ಆಗ್ತೀರಿ ಅಂದಾನ ಅಂಗಡ್ಯಾಂವ.

ಹುಡುಗಿ: ಸ್ಟೀರಾಯ್ಡ್! 2018ರಿಂದ ಡಾಕ್ಟರ ಚೀಟಿ ಇಲ್ಲದ ಮಾರಬಾರದು. ಚರ್ಮ ತೆಳ್ಳಗಾಗ್ತದ, ಮೊಡವಿ ಏಳ್ತಾವ.

ಮೌಶಿ: ಹಂಗಾರ ಉಳಿದದ್ದೇನ?

ಹುಡುಗಿ: ಮೂರ. ಮೆತ್ತನ್ನ ಫೇಸ್‌ವಾಶ್. ಮಾಯಿಶ್ಚರೈಸರ್, ಜಿಡ್ಡಿಗೆ ಜೆಲ್, ಒಣಕ್ಕ ಕ್ರೀಮ್. ಮುಂಜಾನೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್.

ಮೌಶಿ: ನಾ ಚಿಗರಿ ಎಸಿ ಬಸ್ಸಿನ್ಯಾಗ ಹೋಗಾಕಿ!

ಹುಡುಗಿ: ಕಿಡಕಿ ಗಾಜಿನಿಂದನೂ ಯುವಿಎ ಕಿರಣ ಒಳಗ ಬರ್ತಾವ.

ಮೌಶಿ: ಮೂರ ಮೆಟ್ಟಲ ಅಂದ್ರ ಅಟ್ಟಾನೂ ಮುಟ್ಟಂಗಿಲ್ಲಲ್ಲ!

(ಟ್ಯೂಬು ಕಸದ ಬುಟ್ಟಿಗೆ ಹೋತು. ಉಳದ ಬಾಟಲಿ ಮೌಶಿ ಓಣಿಯವರಿಗೆ ಹಂಚಲಿಕ್ಕೆ ಹೊಂಟಾರ. ಸಪ್ತಾಪುರದವರು ಬಾಗಲಾ ಹಾಕ್ಕೋರಿ.)