ಅಧ್ಯಯನ ಪ್ರವಾಸದ ಸಾಹೇಬರಿಗೆ, ದಂಪತಿ ಸಮೇತ

ಯೂರೋಪಿನ ಸಾರಿಗೆ ವ್ಯವಸ್ಥೆಯನ್ನು ಅಭ್ಯಾಸ ಮಾಡಲು ಸರ್ಕಾರದ ಖರ್ಚಿನಲ್ಲಿ ಹೊರಟು ನಿಂತಿರುವ ಎಲ್ಲ ಸಾಹೇಬರಿಗೂ, ಅವರ ಜೊತೆ ಸ್ವಂತ ಖರ್ಚಿನಲ್ಲಿ ಹೊರಟಿರುವ (ಹಾಗಂತ ನೀವು ಹೇಳುತ್ತೀರಿ, ನಾವು ನಂಬುತ್ತೇವೆ) ಬಾಯಿಸಾಹೇಬರಿಗೂ ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರಿನಿಂದ ಗಂಡ ಹೆಂಡತಿಯ ಶರಣು ಶರಣಾರ್ಥಿ.

ನಿಮ್ಮ ಕಾರ್ಯಕ್ರಮ ಪಟ್ಟಿ ಹೇಗಿರುತ್ತದೆ ಎಂಬ ಅಂದಾಜು ನಮಗಿದೆ. ಬೆಳಿಗ್ಗೆ ಪ್ಯಾರಿಸಿನಲ್ಲಿ ಕಾಫಿ. ಯೂರೋಸ್ಟಾರ್ ಹತ್ತಿದರೆ ಒಂದೂವರೆ ತಾಸಿನೊಳಗೆ ಬ್ರಸೆಲ್ಸ್, ಅಲ್ಲಿ ಚಾಕೊಲೇಟು ಖರೀದಿ. ಮತ್ತೆ ರೈಲು ಹತ್ತಿದರೆ ಹೊತ್ತು ಮುಳುಗುವುದರೊಳಗೆ ಕೊಲೋನ್. ರೈಲು ತುಟ್ಟಿ ಅನಿಸಿದರೆ ಹಸಿರು ಬಣ್ಣದ ಫ್ಲಿಕ್ಸ್‌ಬಸ್ ಇದೆ. 1985ರಲ್ಲಿ ಐದು ದೇಶಗಳು ಷೆಂಗೆನ್ ಎಂಬ ಸಣ್ಣ ಊರಿನಲ್ಲಿ ಕೂತು ಸಹಿ ಹಾಕಿದ್ದರಿಂದ ಒಂದೇ ದಿನ ಮೂರು ದೇಶ ದಾಟಿದರೂ ಯಾಕೆ ಬಂದಿರಿ ಎಂದು ಕೇಳುವವರು ಅಪರೂಪ. ಊರಿಗೆ ಮರಳಿದ ಮೇಲೆ ಮಾತ್ರ ನಾವು ಕೇಳುತ್ತೇವೆ. ಅದಕ್ಕೆ ಉತ್ತರವಾಗಿ ನಿಮ್ಮ ವರದಿ ಬರುತ್ತದೆ: ಸಮಯಪಾಲನೆ, ಸಂಪರ್ಕ, ಸ್ವಚ್ಛತೆ ಎಂಬ ಮೂರು ಪದ, ಕಿಟಕಿ ಪಕ್ಕ ಕೂತ ನಿಮ್ಮಿಬ್ಬರ ಫೋಟೊ.

ನಮಗೆ ಹೊಟ್ಟೆಕಿಚ್ಚಿಲ್ಲ. ಗಂಡ ಹೆಂಡತಿ ನಾಲ್ಕು ದಿನ ನಕ್ಕೋತ ತಿರುಗಾಡಿ ಬಂದರೆ ಯಾರ ಗಂಟೇನು ಹೋಯಿತು? ಗಂಟು ಹೋಗುವುದು ಖಜಾನೆಯದು ಎಂದು ನಮ್ಮ ಮನೆಯಾಕೆ ಪಕ್ಕದಿಂದ ಹೇಳುತ್ತಿದ್ದಾಳೆ, ಅದನ್ನು ಬರೆಯಬೇಡಿ ಅಂತಲೂ ಹೇಳುತ್ತಿದ್ದಾಳೆ. ನಮ್ಮ ಸೂಚನೆ ಇಷ್ಟೇ. ಹೋಗುವ ಮೊದಲು ಪೂರ್ವಾಭ್ಯಾಸಕ್ಕೆಂದು ಒಂದು ದಿನ ನಮ್ಮ ಜಿಲ್ಲೆಗೆ ಬನ್ನಿ. ಮೂರು ದೇಶದ ಬದಲು ಮೂರು ತಾಲ್ಲೂಕು. ವೀಸಾ ಬೇಡ, ವಿಮೆ ಬೇಡ. ಕಾರು ಮಾತ್ರ ತರಕೂಡದು.

ಪ್ರವಾಸ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠದ ಮುಂದೆ ಶುರುವಾಗಲಿ. ಮೊದಲು ಗದ್ದುಗೆಗೆ ನಮಸ್ಕಾರ ಮಾಡಿ. ಮುಂದಿನ ದಾರಿಗೆ ಅದು ಬೇಕಾಗುತ್ತದೆ. ಜಾತ್ರೆಯ ದಿನ ಬಂದೀರಿ ಮತ್ತೆ, ಹುಷಾರು. ಆ ದಿನ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ, ನಮ್ಮ ಊರಿನ ಸಂಪರ್ಕ ಅತ್ಯುತ್ತಮ ಎಂದು ನೀವು ಬರೆದುಕೊಂಡು ಹೋಗುವ ಅಪಾಯವಿದೆ. ತೇರು ಎಳೆದು ಮಂದಿ ಚದುರಿದ ಮೇಲಿನ ಯಾವುದಾದರೂ ಮಂಗಳವಾರ ಬನ್ನಿ. ಬಸ್ ಬರುವ ತನಕ ಕಾಯುವ ತಾಳ್ಮೆ ಇರದಿದ್ದರೆ ಟಂಟಂ ಆಟೊ ಇದೆ. ಟಂಟಂನ ವೇಳಾಪಟ್ಟಿ ಸರಳ, ತುಂಬಿದರೆ ಹೊರಡುತ್ತದೆ. ತುಂಬಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವನು ಡ್ರೈವರ್. ನಿಮ್ಮ ಮೊಣಕಾಲನ್ನು ಯಾರೂ ಕೇಳುವುದಿಲ್ಲ.

ಇಲ್ಲೇ ನಿಮ್ಮ ಮೊದಲ ತುಲನಾತ್ಮಕ ಟಿಪ್ಪಣಿ ಸಿಗುತ್ತದೆ. ಜರ್ಮನಿಯ ಡಾಯ್ಚ ಬಾನ್ ತನ್ನ ದೂರದ ರೈಲುಗಳಲ್ಲಿ 2024ರಲ್ಲಿ ಸಮಯಕ್ಕೆ ಮುಟ್ಟಿದ್ದು ಶೇ 62.5 ಮಾತ್ರ ಎಂದು ತಾನೇ ಒಪ್ಪಿಕೊಂಡಿದೆ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಹಿಡಿಯದೆ. ನಮ್ಮ ಟಂಟಂ ನೂರಕ್ಕೆ ನೂರು ಸಮಯಪಾಲಕ. ಅದು ಸಮಯವನ್ನೇ ಹೇಳಿರುವುದಿಲ್ಲ.

ಮುಂದೆ ಬಸ್ಸಿನಲ್ಲಿ ದಾಂಪತ್ಯದ ಪರೀಕ್ಷೆ. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶ 2020ರಲ್ಲಿ ಬಸ್ಸು, ರೈಲು, ಟ್ರಾಮ್ ಎಲ್ಲವನ್ನೂ ಎಲ್ಲರಿಗೂ ಪುಕ್ಕಟೆ ಮಾಡಿತು. ಅದನ್ನು ನೋಡಲು ಅಲ್ಲಿಗೆ ತಂಡಗಳು ಹೋಗುತ್ತವೆ. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಅರ್ಧ ಲಕ್ಸೆಂಬರ್ಗ್ ಆಗಿದೆ. ಹೆಂಡತಿಗೆ ಶೂನ್ಯ ಟಿಕೆಟ್, ಗಂಡನಿಗೆ ಪೂರಾ ಟಿಕೆಟ್, ಅದರ ಮೇಲೆ 2025ರ ಜನವರಿಯಲ್ಲಿ ಏರಿದ ಶೇ 15. ಕಂಡಕ್ಟರು ಎರಡನ್ನೂ ಒಟ್ಟಿಗೆ ಹರಿದು ಕೊಟ್ಟಾಗ ಯಾರ ಟಿಕೆಟ್ಟನ್ನು ಯಾರು ಜೋಪಾನ ಮಾಡುತ್ತಾರೆ ಎಂಬುದನ್ನು ಗಮನಿಸಿ. ನಮ್ಮ ಮನೆಯಾಕೆ ತನ್ನ ಶೂನ್ಯ ಟಿಕೆಟ್ಟನ್ನು ಅರಿಶಿನ ಕುಂಕುಮದ ಡಬ್ಬಿಯೊಳಗೆ ಇಡುತ್ತಾಳೆ, ನನ್ನದನ್ನು ನನ್ನ ಕಡೆಗೇ ಎಸೆಯುತ್ತಾಳೆ. ಮೊನ್ನೆ ಹೇಳಿದಳು: "ನೀವು ಮನ್ಯಾಗ ಇರ್ರಿ, ನಾ ಒಬ್ಬಾಕಿನೇ ಹೋಗಿ ಬರ್ತೀನಿ, ರೊಕ್ಕರ ಉಳೀತಾವ." ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಖರ್ಚಿನ ಬಾಬ್ತು ಎಂಬುದು ಅಧಿಕೃತವಾಯಿತು.

ಯೋಜನೆ ಬಂದಾಗ ಸರ್ಕಾರ ಸಾಮಾನ್ಯ ಬಸ್ಸುಗಳಲ್ಲಿ ಗಂಡಸರಿಗೆ ಅರ್ಧ ಸೀಟು ಮೀಸಲಿಟ್ಟಿತ್ತು. ಆ ನಿಯಮ ಬರೆದ ಕೈಗೆ ನಾನು ಋಣಿ. ಶಹಾಪುರದ ಬಸ್ಸಿನೊಳಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವ ಧೈರ್ಯ ಯಾವ ಗಂಡಸಿಗೆ ಇದೆಯೋ ಅವನನ್ನೂ ನಿಮ್ಮ ಜೊತೆ ಯೂರೋಪಿಗೆ ಕರೆದುಕೊಂಡು ಹೋಗಿ. ಆದರೆ ಒಂದು ಮಾತು, ಇದನ್ನು ನಗಲಿಕ್ಕೆ ಬರೆಯುತ್ತಿಲ್ಲ: ತವರುಮನೆಗೆ ಹೋಗಲು ಗಂಡನ ಮುಂದೆ ಕೈಯೊಡ್ಡಬೇಕಿದ್ದ ಹೆಣ್ಣುಮಕ್ಕಳು ಈಗ ಆಧಾರ್ ಕಾರ್ಡ್ ಹಿಡಿದು ಹೊರಟುಬಿಡುತ್ತಾರೆ. ನಿಮ್ಮ ವರದಿಯ ಮೊದಲ ಪುಟಕ್ಕೆ ಅದು ಸಾಕು.

ಯಾದಗಿರಿ ಬಂತು. ಠೇಸನ್ನಿಗೆ ಹೋಗಿ ನಿಲ್ಲಿ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ ಹಾಕುತ್ತ ಬಂದ ಹಳಿಯೂ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯಲ್ಲಿ ಬಿದ್ದಿತ್ತು, ಅದಕ್ಕೇ ನಮಗೆ ರೈಲು ಸಿಕ್ಕಿತು. ಹತ್ತಿ ಮುಂಬೈಗೆ ಹೋಗಲಿ ಎಂಬ ಚಿಂತೆ ಅವರಿಗೆ ಇದ್ದೀತು, ಯಾದಗಿರಿಯ ಮಂದಿ ಎಲ್ಲಿಗಾದರೂ ಹೋಗಲಿ ಎಂಬ ಚಿಂತೆ ಇರಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್, ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತವೆ. 2024ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಹೊರಟಾಗ ನಿಲುಗಡೆಯ ಪಟ್ಟಿಯಲ್ಲಿ ರಾಯಚೂರಿತ್ತು, ಯಾದಗಿರಿ ಇರಲಿಲ್ಲ. ಜಿಲ್ಲಾ ಕೇಂದ್ರದ ಮಂದಿ ತಮ್ಮದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಿಳಿ ಗಾಡಿಗೆ ಕೈ ಬೀಸಿ, ನಿಲುಗಡೆಗಾಗಿ ಮನವಿ ಪತ್ರ ಬರೆಯಲು ಕೂತರು. ನಮ್ಮಲ್ಲಿ ರೈಲು ಬರುವುದೇ ಒಂದು ಹೋರಾಟ, ಬಂದದ್ದು ನಿಲ್ಲುವುದು ಇನ್ನೊಂದು.

ಗಾಡಿ ತಡವಾದರೆ ಯೂರೋಪಿನ ಒಕ್ಕೂಟದ ಕಾನೂನು ಕೇಳಿ. ಒಂದು ತಾಸು ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ತಾಸಾದರೆ ಅರ್ಧ ಹಣ ವಾಪಸು. ಕೆಲವು ವಿನಾಯಿತಿಗಳಿವೆ, ಇರಲಿ. ನಮ್ಮ ಕಾನೂನು ಅದಕ್ಕಿಂತ ಉದಾರ. ಮೂರು ತಾಸಿಗಿಂತ ಹೆಚ್ಚು ತಡವಾದರೆ ಪೂರ್ತಿ ಹಣ ವಾಪಸು! ಷರತ್ತು ಒಂದೇ, ಆ ಗಾಡಿಯಲ್ಲಿ ನೀವು ಪ್ರಯಾಣ ಮಾಡಬಾರದು. ಮೂರು ತಾಸು ಕಾದು, ಬಂದ ಗಾಡಿಗೆ ನಮಸ್ಕಾರ ಹೇಳಿ, ಅರ್ಜಿ ತುಂಬಿ ಮನೆಗೆ ಹೋಗಬೇಕು. ಮಗಳ ಹೆರಿಗೆಗೆ ಹೊರಟವಳಿಗೆ ಈ ನಿಯಮವನ್ನು ವಿವರಿಸುವ ಕೆಲಸ ನಿಮ್ಮದು, ನೀವು ಓದಿದವರು.

ಇನ್ನು ರೈಲಿನ ಮಾತು ಮುಗಿಯಿತು, ಯಾಕೆಂದರೆ ಮುಂದಿನ ಎರಡು ತಾಲ್ಲೂಕಿಗೆ ರೈಲೇ ಇಲ್ಲ. ಒಗ್ಗರಣೆ ಮಿರ್ಚಿ ತಿಂದು, ಭೀಮಾ ನದಿಯ ಸೇತುವೆ ದಾಟುವ ಶಹಾಪುರ ಬಸ್ಸು ಹತ್ತಿ. ಬಾಯಿಸಾಹೇಬರಿಗೆ ಸೀಟು ಸಿಗುತ್ತದೆ, ನಮ್ಮ ಹೆಣ್ಣುಮಕ್ಕಳು ಸರಿದು ಕೂಡಿಸಿಕೊಂಡು ಯಾವ ಊರು, ಮಕ್ಕಳೆಷ್ಟು, ಯಜಮಾನರಿಗೆ ಪಗಾರ ಎಷ್ಟು ಎಂದು ಭೀಮಾ ದಾಟುವುದರೊಳಗೆ ವಿಚಾರಿಸಿ ಮುಗಿಸಿರುತ್ತಾರೆ. ಸಾಹೇಬರು ಡ್ರೈವರನ ಹಿಂದಿನ ಕಂಬಿ ಹಿಡಿದು ನಿಲ್ಲಲಿ.

ಶಹಾಪುರ ಹತ್ತಿರವಾದಂತೆ ಬೆಟ್ಟದ ಸಾಲೊಂದು ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಎದೆ, ಕೈ ಎಲ್ಲ ಸ್ಪಷ್ಟ. ಪ್ರವಾಸೋದ್ಯಮದವರಿಗೆ ಅದು ಬುದ್ಧ. ನನ್ನ ಕಣ್ಣಿಗೆ ಅದು ಗಾಡಿ ಕಾದೂ ಕಾದೂ ಸಾಕಾಗಿ ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಾದ ಪ್ರಯಾಣಿಕನ ಹಾಗೆ ಕಾಣುತ್ತದೆ. ಬುದ್ಧ ಇದಕ್ಕೆ ಸಿಟ್ಟಾಗಲಾರ. ಶಹಾಪುರ ಕಾಯುತ್ತಿರುವ ಗದಗ–ವಾಡಿ ರೈಲು ಮಾರ್ಗ ಮಂಜೂರಾದದ್ದು 2013-14ರಲ್ಲಿ. ಸುಮಾರು 250 ಕಿ.ಮೀ. ದಾರಿ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಮುಟ್ಟಿ ವಾಡಿಗೆ. ಖರ್ಚಿನಲ್ಲಿ ರಾಜ್ಯದ್ದೂ ಪಾಲು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು, ಅಲ್ಲಿಯವರು ಹೂವು ಏರಿಸಿ ಸ್ವಾಗತಿಸಿದರು. ನಮ್ಮ ಕಡೆಯವರು ಹೂವಿಗೆ ಇನ್ನೂ ಮುಂಗಡ ಕೊಟ್ಟಿಲ್ಲ. ಆಲಮಟ್ಟಿ–ಯಾದಗಿರಿ ಮಾರ್ಗದ ಬೇಡಿಕೆಯನ್ನಂತೂ ನಮ್ಮ ಹಿರಿಯರು ಆಸ್ತಿಯಂತೆ ಬಿಟ್ಟುಹೋಗಿದ್ದಾರೆ, ನಾವೂ ಮಕ್ಕಳಿಗೆ ಭದ್ರವಾಗಿ ದಾಟಿಸುತ್ತೇವೆ. ಚುನಾವಣೆ ಬಂದಾಗ ಹೊರತೆಗೆದು ಧೂಳು ಕೊಡವುತ್ತಾರೆ.

ಶಹಾಪುರದಿಂದ ಮತ್ತೊಂದು ಬಸ್ಸು ಹತ್ತಿ ಸುರಪುರಕ್ಕೆ ಬಂದರೆ ಅಲ್ಲಿ ನಿಮಗೆ ನಿಮ್ಮವನೇ ಒಬ್ಬ ಸಿಗುತ್ತಾನೆ. ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಸಾಹೇಬ 1841ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸಂಸ್ಥಾನದ ಉಸ್ತುವಾರಿ ನೋಡಿಕೊಂಡ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನನ್ನು ಬೆಳೆಸಿದವನೂ ಅವನೇ. ಆ ಹುಡುಗ ಮುಂದೆ 1858ರಲ್ಲಿ ಇಂಗ್ಲಿಷರ ಮೇಲೆಯೇ ಎದ್ದ. ಗುಡ್ಡದ ಮೇಲೆ ಟೇಲರ್ ಕಟ್ಟಿಸಿಕೊಂಡ ಮನೆ ಇಂದಿಗೂ ಟೇಲರ್ ಮಂಜಿಲ್. ಅವನು ಯೂರೋಪಿನಿಂದ ಇಲ್ಲಿಗೆ ಬಂದು ಅಧ್ಯಯನ ಮಾಡಿದ, ನೀವು ಇಲ್ಲಿಂದ ಅಲ್ಲಿಗೆ ಹೋಗುತ್ತೀರಿ. ಅವನು ಬಂದಾಗ ಸುರಪುರಕ್ಕೆ ರೈಲಿರಲಿಲ್ಲ, ಇಡೀ ಹಿಂದುಸ್ತಾನಕ್ಕೇ ಇರಲಿಲ್ಲ. ಈಗ ಹಿಂದುಸ್ತಾನಕ್ಕೆಲ್ಲ ಇದೆ. ಟೇಲರ್ ಎದ್ದು ಬಂದರೆ ಬೇರೆ ಊರಲ್ಲಿ ದಾರಿ ತಪ್ಪಿಯಾನು, ಸುರಪುರದಲ್ಲಿ ತಪ್ಪಲಾರ. ಬದಲಾದದ್ದು ಇಷ್ಟೇ: 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಯಿತು. ಅಂದಿನಿಂದ ಸುರಪುರದವರು ಒಂದು ಸಹಿಗೆ ಕಲಬುರಗಿಗೆ ಹೋಗುವ ಬದಲು ಯಾದಗಿರಿಗೆ ಹೋಗುತ್ತಾರೆ, ಬಸ್ಸಿನಲ್ಲೇ.

ಸಂಜೆಗೆ ಯಾದಗಿರಿಗೆ ವಾಪಸು ಬನ್ನಿ. ಬೆಂಗಳೂರಿಗೆ ಹೋಗುವ ರಾತ್ರಿ ಗಾಡಿಗೆ ನಿಮಗೆ ಎಸಿ ಬರ್ತ್ ಇರುತ್ತದೆ, ಇರಲಿ. ಗಾಡಿ ಬರುವ ಮೊದಲು ಪ್ಲಾಟ್‌ಫಾರ್ಮಿನ ಎರಡು ತುದಿಗೆ, ಜನರಲ್ ಡಬ್ಬಿ ನಿಲ್ಲುವ ಕಡೆಗೆ ನಡೆದು ಹೋಗಿ. ಅಲ್ಲಿ ನಮ್ಮ ಜಿಲ್ಲೆಯ ದಂಪತಿ ಪ್ರವಾಸಿಗರು ಕೂತಿರುತ್ತಾರೆ. ಗಂಡ, ಹೆಂಡತಿ, ಕಂಕುಳಲ್ಲೊಂದು ಕೂಸು. ಗೋಣಿಚೀಲದಲ್ಲಿ ಜೋಳದ ಹಿಟ್ಟು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪಾತ್ರೆ, ಹಗ್ಗ ಕಟ್ಟಿದ ಹಾಸಿಗೆ ಸುರುಳಿ, ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಹಿಂಡಿ. ತಾಂಡಾದಿಂದ ಟಂಟಂ, ಟಂಟಂನಿಂದ ಬಸ್ಸು, ಬಸ್ಸಿನಿಂದ ಠೇಸನ್ನು, ಎಲ್ಲವನ್ನೂ ಒಂದೇ ದಿನದಲ್ಲಿ ಹೊಂದಿಸಿಕೊಂಡು ಬಂದಿದ್ದಾರೆ. ನಿಮ್ಮ ಟ್ರಾವೆಲ್ ಏಜೆಂಟಿಗೂ ಇಷ್ಟು ಬಿಗಿಯಾದ ಸಂಪರ್ಕ ಸಾಧ್ಯವಿಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇವರ ವಾಸ್ತವ್ಯ, ಮುಂಗಾರು ಬರುವ ತನಕ. ಮನೆಯಲ್ಲಿ ಮುದುಕರು ಮತ್ತು ಬೀಗ. ನಾವು ಇದಕ್ಕೆ ಗುಳೆ ಅನ್ನುತ್ತೇವೆ. ಇವರು ಕಟ್ಟಿದ ಗೋಡೆಯೊಳಗೆ ಕೂತೇ ನಿಮ್ಮ ಪ್ರವಾಸದ ಕಡತಕ್ಕೆ ಮಂಜೂರಾತಿ ಸಿಕ್ಕಿರಲಿಕ್ಕೂ ಸಾಕು.

ಗಾಡಿ ಬಂದಾಗ ಹೆಂಡತಿ ಬಾಗಿಲಿನಿಂದ, ಕೂಸು ಕಿಟಕಿಯಿಂದ ಒಳಗೆ ಹೋಗುತ್ತಾರೆ. ಗಂಡ ಒಂದು ಕಾಲು ಒಳಗಿಟ್ಟು ಚೀಲಗಳನ್ನು ತಳ್ಳುತ್ತಾನೆ. ಶೂನ್ಯ ಟಿಕೆಟ್ ರೈಲಿಗಿಲ್ಲ. ಇಲ್ಲಿ ಗಂಡ ಹೆಂಡತಿ ಸಮಾನರು, ಇಬ್ಬರಿಗೂ ನಿಂತುಕೊಳ್ಳಲಿಕ್ಕೂ ಜಾಗವಿಲ್ಲ. ನಮ್ಮ ತಾಲ್ಲೂಕಿನ ಕಡೇಚೂರಿನಲ್ಲಿಯೇ ರೈಲು ಬೋಗಿಗಳ ಚೌಕಟ್ಟು ಮಾಡುವ ಕಾರ್ಖಾನೆ ಕಟ್ಟಿದ್ದಾರೆ. ನಮ್ಮಲ್ಲಿ ಚೌಕಟ್ಟು ತಯಾರಾಗುತ್ತದೆ. ಅದರ ಮೇಲೆ ಇನ್ನೆರಡು ಜನರಲ್ ಡಬ್ಬಿ ಯಾವಾಗ ಕೂಡುತ್ತವೆ ಎಂಬುದನ್ನು ಯೂರೋಪಿನಲ್ಲಿ ಯಾರಾದರೂ ಬಲ್ಲವರಿದ್ದರೆ ಕೇಳಿಕೊಂಡು ಬನ್ನಿ.

ಇಷ್ಟಾದ ಮೇಲೆ ಖಂಡಿತ ಪ್ಯಾರಿಸಿಗೆ ಹೋಗಿ. ಕೊಲೋನಿನಲ್ಲಿ ಗಾಡಿ ಅರ್ಧ ತಾಸು ತಡವಾಗಿ ಸುತ್ತಲಿನವರೆಲ್ಲ ಗಡಿಯಾರ ನೋಡಿ ಗೊಣಗುವಾಗ ನೀವಿಬ್ಬರೇ ನಗುತ್ತ ನಿಂತಿರುತ್ತೀರಿ.

ಇಂತಿ,
ಒಂದು ಪೂರಾ ಟಿಕೆಟ್, ಒಂದು ಶೂನ್ಯ ಟಿಕೆಟ್
ಅಬ್ಬೆತುಮಕೂರು

ವಿ.ಸೂ.: ಬಾಯಿಸಾಹೇಬರು ಆಧಾರ್ ಕಾರ್ಡ್ ಮರೆಯದೆ ತರಲಿ. ವಿಳಾಸ ಕರ್ನಾಟಕದ್ದೇ ಆಗಿರಬೇಕು. ದಿಲ್ಲಿಯದೋ ಪಟ್ನಾದ್ದೋ ಇದ್ದರೆ ಪೂರಾ ಟಿಕೆಟ್ ತೆಗೆಸಬೇಕಾಗುತ್ತದೆ. ಸಾಹೇಬರದು ಹೇಗೂ ಪೂರಾ ಟಿಕೆಟ್ಟೇ. ಐನೂರರ ನೋಟು ಕೊಟ್ಟರೆ ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತಾನೆ, ಇಳಿಯುವಾಗ ನೆನಪಿಸಬೇಕು. ಅದಕ್ಕಿಂತ ಚಿಲ್ಲರೆ ತನ್ನಿ.