ಹುಲಿಗೂ ಪನೀರಿಗೂ ರಜೆ

ಜುಲೈ 1ಕ್ಕೆ ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢ, ಪೆಂಚ್ ಕಾಡುಗಳ ಕೋರ್ ವಲಯದ ಗೇಟುಗಳು ಮುಚ್ಚುತ್ತವೆ. ಮತ್ತೆ ತೆರೆಯುವುದು ಅಕ್ಟೋಬರ್ 1ಕ್ಕೆ. ಆ ಮೂರು ತಿಂಗಳು ಹುಲಿ ಏನು ಮಾಡುತ್ತದೆಂದು ವಿಜ್ಞಾನಿಗಳು ವಿಚಾರಿಸಿಕೊಳ್ಳಲಿ. ಹುಲಿ ತೋರಿಸಿ ಸಂಬಳ ತೆಗೆದುಕೊಳ್ಳುವ ರೆಸಾರ್ಟ್ ನ್ಯಾಚುರಲಿಸ್ಟ್ ಏನು ಮಾಡುತ್ತಾನೆ ಎಂಬುದು ಇಲ್ಲಿನ ವಿಷಯ. ಒಗೆದೊಗೆದು ಎಲೆಯೊಣಗಿದ ಬಣ್ಣಕ್ಕೆ ತಿರುಗಿದ ಅಂಗಿ, ಲೆಕ್ಕ ತಪ್ಪುವಷ್ಟು ಜೇಬುಗಳಿರುವ ಪ್ಯಾಂಟು, ದುರ್ಬೀನಿನ ಪಟ್ಟಿ ಕೂತಲ್ಲಿ ಮಾತ್ರ ಬಿಸಿಲಿಗೆ ಕಪ್ಪಾಗದೆ ಉಳಿದ ಕತ್ತು: ಇವನನ್ನು ಗುರುತಿಸಲು ಫೀಲ್ಡ್ ಗೈಡ್ ಬೇಕಿಲ್ಲ. ಈ ಪಂಗಡದಲ್ಲಿ ಮೈಸೂರು, ಬೆಂಗಳೂರು ಕಡೆಯ ಹುಡುಗರೂ ಇದ್ದಾರೆ, ಈಚೆಗೆ ಹುಡುಗಿಯರೂ ಸೇರಿದ್ದಾರೆ. ಎಂಜಿನಿಯರಿಂಗ್ ಓದಿ ಕಾಡು ಸೇರಿದ ಮಗನ ಬಗ್ಗೆ ನೆಂಟರು ಕೇಳಿದರೆ ಮನೆಯವರು "ಫಾರೆಸ್ಟ್ ಡಿಪಾರ್ಟ್‌ಮೆಂಟಲ್ಲಿದ್ದಾನೆ" ಎಂದು ಹೇಳಿ ಮಾತು ಬದಲಿಸುತ್ತಾರೆ. ಒಂಬತ್ತು ತಿಂಗಳು ಕಾಡಲ್ಲೇ ಇದ್ದವನು ರಜೆ ಸಿಕ್ಕ ಕೂಡಲೇ ಮನೆಯಲ್ಲಿ ನಾಲ್ಕು ದಿನ ಮಲಗಿ, ಐದನೆಯ ದಿನ ಚೀಲ ಹೆಗಲಿಗೇರಿಸಿ ಇನ್ನೊಂದು ಕಾಡಿಗೆ ಹೊರಡುತ್ತಾನೆ. ಹೋಟೆಲ್ ಮಾಣಿ ವಾರದ ರಜೆಯಲ್ಲಿ ಎದುರು ಹೋಟೆಲಿಗೆ ಹೋಗಿ ಕೂತ ಹಾಗಾಯಿತು ಎಂದು ಜನ ನಗುತ್ತಾರೆ. ನಗಲಿ. ಆದರೆ ನನ್ನ ವಾದ ಬೇರೆ. ಇವನು ರಜೆ ತೆಗೆದುಕೊಳ್ಳುವುದು ಕಾಡಿನಿಂದಲ್ಲ, ಹುಲಿಯಿಂದ ಮತ್ತು ಪನೀರ್ ಬಟರ್ ಮಸಾಲದಿಂದ.

ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಸೀಸನ್ನಿನಲ್ಲಿ ಇವನ ದಿನ ಸೂರ್ಯನಿಗಿಂತ ಮೊದಲೇ ಶುರು; ಬೆಳಿಗ್ಗೆ ಒಂದು ಸಫಾರಿ, ಮಧ್ಯಾಹ್ನ ಇನ್ನೊಂದು. ಎರಡರಲ್ಲೂ ಕೇಳುವ ಪ್ರಶ್ನೆ ಒಂದೇ. ಕಾನ್ಹಾದ ಬಾರಾಸಿಂಗಾ ಜಿಂಕೆ 1970ರಲ್ಲಿ ಬರೀ 66 ಉಳಿದು, ಅಳಿದೇ ಹೋಯಿತು ಎನ್ನುವಾಗ ಬದುಕಿ, ಇವತ್ತು ಸಾವಿರ ದಾಟಿದೆ. ಅರ್ಧ ಗಂಟೆ ಕೂತು ಹೇಳಬೇಕಾದ ಕತೆ ಅದು. ನ್ಯಾಚುರಲಿಸ್ಟ್ ಗಂಟಲು ಸರಿಮಾಡಿಕೊಂಡು 66ರವರೆಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ "ಹುಲಿ ಯಾವ ಕಡೆ?" ಎಂದು ಕೇಳಿಬರುತ್ತದೆ. ಪ್ರಶ್ನೆ ಕೇಳಿದವರದು ತಪ್ಪೆನ್ನಲಾಗದು. ಅವರು ಎರಡು ರಾತ್ರಿಗೆ ದುಡ್ಡು ಕಟ್ಟಿದ್ದಾರೆ, ಆ ದುಡ್ಡಿಗೆ ಊರಿಗೆ ಹೋಗಿ ಒಂದು ಫೋಟೋ ತೋರಿಸಬೇಕು. ಅಡುಗೆಮನೆಯ ಲೆಕ್ಕವೂ ಇದೇ. ಎರಡೇ ರಾತ್ರಿ ಇರುವ ಅತಿಥಿಯ ಹೊಟ್ಟೆ ಕೆಟ್ಟರೆ ರೆಸಾರ್ಟಿನ ಹೆಸರು ಕೆಟ್ಟಂತೆ. ಹಾಗಾಗಿ ಬಾಣಸಿಗ ಯಾರೂ ದೂರದ, ಯಾರೂ ನೆನಪಿಡದ ಊಟ ಮಾಡಿಡುತ್ತಾನೆ. ಸತ್ಪುರದ ಸಾಲವೃಕ್ಷದ ಕೆಳಗೂ ಕಬಿನಿಯ ಹಿನ್ನೀರಿನ ದಂಡೆಯಲ್ಲೂ ಅದೇ ಪನೀರು, ಅದೇ ದಾಲ್ ಮಖನಿ, ಅದೇ ಜೀರಾ ರೈಸು, ಮೂಲೆಯಲ್ಲಿ ಪಾಸ್ತಾ ಕಲೆಸುವ ಹುಡುಗ. ಕಣ್ಣು ಕಟ್ಟಿ ತಂದು ಕೂರಿಸಿದರೆ ಯಾವ ರಾಜ್ಯದಲ್ಲಿದ್ದೇವೆಂದು ತಟ್ಟೆ ನೋಡಿ ಹೇಳಲಾಗದು. ಹುಲಿ ನೋಡಿಯೂ ಹೇಳಲಾಗದು. ಎಲ್ಲ ಕಡೆಯೂ ಒಂದೇ ಆಗಿರುವುದಕ್ಕೇ ಎರಡೂ ಮಾರಾಟವಾಗುತ್ತವೆ, ಮಾರುವವನಿಗೆ ಎರಡೂ ಬೇಸರ ತರಿಸುವುದೂ ಅದಕ್ಕೇ. ವರ್ಷದ ಮುಕ್ಕಾಲು ಪಾಲು 'ಎಲ್ಲೆಲ್ಲೂ ಇರುವುದನ್ನು' ಬಡಿಸಿದವನಿಗೆ ಮಳೆಗಾಲದಲ್ಲಿ ಹುಟ್ಟುವುದು ಅಲ್ಲಿ ಮಾತ್ರ, ಆಗ ಮಾತ್ರ ಸಿಗುವುದರ ಹಸಿವು. ಆ ಹಸಿವಿಗೆ ಕಣ್ಣು ಬೇರೆ ನಾಲಗೆ ಬೇರೆ ಎಂಬ ಭೇದವಿಲ್ಲ.

ಇವನು ಹೋಗುವ ಜಾಗಗಳನ್ನು ನೋಡಿದರೆ ಇದು ತಿಳಿಯುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ ಜುಲೈಯಲ್ಲಿ ಯಾರು ಹೋಗುತ್ತಾರೆ? ಛತ್ರಿ ಮಾರುವವರು ಹೋಗಬಹುದು; ಇವನಂತೂ ಹೋಗುತ್ತಾನೆ, ಛತ್ರಿಯಿಲ್ಲದೆ. ಮಹಾರಾಷ್ಟ್ರದ ಅಂಬೋಲಿಗೆ ಹೋಗುವುದು ಅಲ್ಲಿನ ಜಂಬಿಟ್ಟಿಗೆ ಬಂಡೆಗಳ ಮೇಲಿರುವ ಒಂದು ಪುಟ್ಟ ನೆಲಗಪ್ಪೆಗಾಗಿ. 2009ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಆ ಜೀವಿಯ ಪ್ರಪಂಚವೆಂದರೆ ಆ ಊರಿನ ಸುತ್ತುಮುತ್ತು, ಅಷ್ಟೇ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ 2014ರಲ್ಲಿ ಹೆಸರು ಪಡೆದ ಕುಂಬಾರ ಕಪ್ಪೆಯಿದೆ. ಕಡ್ಡಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ಬಾಚಿ ಬಾಚಿ ಮೆತ್ತುತ್ತದೆ. ಇದನ್ನು ನೋಡಲು ನಮ್ಮ ಮಹಾಶಯ ರಾತ್ರಿ ತೊರೆಯಲ್ಲಿ ಮಂಡಿಯುದ್ದ ನಿಂತು, ಇಂಬಳಗಳಿಗೆ ಧಾರಾಳವಾಗಿ ರಕ್ತದಾನ ಮಾಡುತ್ತಾನೆ. ಹುಲಿ ಕಂಡಾಗ ಒಂದು ಸಲ ಆಕಳಿಸಿದ್ದಾನೆಂಬ ಅಪವಾದ ಹೊತ್ತವನು ಎರಡಿಂಚಿನ ಕಪ್ಪೆ ಕೆಸರು ಮೆತ್ತುವುದನ್ನು ಕಂಡು ಪಕ್ಕದವನ ತೋಳು ಹಿಡಿದು ಚಿವುಟುತ್ತಾನೆ. ತಮಾಷೆಯೆಂದರೆ ಸೀಸನ್ನಿನ ಅತಿಥಿಯ ಎಲ್ಲ ಲಕ್ಷಣಗಳೂ ಅಷ್ಟರಲ್ಲಿ ಇವನಿಗೆ ಅಂಟಿರುತ್ತವೆ. ಊರಿನ ಗೈಡನ್ನು "ಇವತ್ತು ಕಪ್ಪೆ ಗ್ಯಾರಂಟಿನಾ?" ಎಂದು ಕೇಳುತ್ತಾನೆ. "ನಿನ್ನೆ ಬಂದಿದ್ದರೆ ಇತ್ತು ಸಾರ್" ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ಕಸುಬಿನ ಗುಟ್ಟಾಗಿ ತಾನೇ ಸಾವಿರ ಸಲ ಬಳಸಿದವನು ಅದನ್ನು ನಂಬಿ ನಿಜಕ್ಕೂ ಕೊರಗುತ್ತಾನೆ.

ಊಟ ಹುಡುಕುವಾಗಲೂ ಕಸುಬಿನ ವಿದ್ಯೆಯೇ ಕೆಲಸಕ್ಕೆ ಬರುತ್ತದೆ. ಹೆದ್ದಾರಿ ಪಕ್ಕದ ಢಾಬಾದ ಬೋರ್ಡು ಓದುವುದಿಲ್ಲ. ಮುಂದೆ ನಿಂತ ಲಾರಿಗಳ ನಂಬರ್ ಪ್ಲೇಟ್ ನೋಡಿ, ಕೆಸರಿನಲ್ಲಿ ಹೋದ ಚಕ್ರದ ಗುರುತಿಗಿಂತ ಬಂದ ಗುರುತು ಹೆಚ್ಚಿದೆಯೇ ಎಂದು ಪರೀಕ್ಷಿಸಿ ಒಳಗೆ ಕಾಲಿಡುತ್ತಾನೆ. ಮೆನು ಕಾರ್ಡು ಕೊಟ್ಟರೆ ಮುಖ ಸಪ್ಪೆ. "ಮನೆಯವರಿಗೆ ಏನು ಮಾಡಿದ್ದೀರಿ?" ಎನ್ನುವುದು ಇವನ ಖಾಯಂ ಪ್ರಶ್ನೆ, ಮಾಲೀಕರಿಗೆ ಅದರಿಂದ ಆಗುವ ಮುಜುಗರ ಇವನಿಗೆ ಕಾಣುವುದಿಲ್ಲ. ಆದರೆ ಪ್ರಶ್ನೆಗೆ ಮಳೆಗಾಲದಲ್ಲಿ ಬೆಲೆಯಿದೆ, ಏಕೆಂದರೆ ಮಲೆನಾಡಿನ ಮನೆಗಳಲ್ಲಿ ಆಗ ಆಗುವ ಅಡುಗೆ ಬೇರೆ ಯಾವಾಗಲೂ ಆಗದು. ಎಳೆ ಬಿದಿರಿನ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಸಿ, ಅದರಲ್ಲಿರುವ ಸಯನೈಡ್ ಜಾತಿಯ ವಿಷ ಇಳಿದ ಮೇಲೆ ಪಲ್ಯ ಮಾಡುತ್ತಾರೆ. ಕೆಸುವಿನೆಲೆಯ ಪತ್ರೊಡೆಯಲ್ಲಿ ಹುಣಸೆ ಕಡಿಮೆಯಾದರೆ ಗಂಟಲ ತುರಿಕೆ ಅಡುಗೆಯವರ ಮರ್ಯಾದೆ ತೆಗೆಯುತ್ತದೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನಕ್ಕೆ, ಸಾಮಾನ್ಯವಾಗಿ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿಕೊಳ್ಳುತ್ತದೆಂದು ನಂಬಿಕೆ. ಅದರ ರಸದ ನೇರಳೆ ಪಾಯಸ ಉಂಡವರ ಮೂತ್ರ ಮರುದಿನ ಕೆಂಪು. ಇದನ್ನು ಮೊದಲೇ ತಿಳಿಸದೆ ಹೊಸಬನಿಗೆ ಬಡಿಸುವುದು ಅಲ್ಲಿನವರ ಹಳೆಯ ಚೇಷ್ಟೆ. ಪ್ರಾಣಿಯ ಲದ್ದಿ ನೋಡಿ ಅದು ತಿಂದದ್ದೇನೆಂದು ಅತಿಥಿಗಳಿಗೆ ಪಾಠ ಹೇಳುವ ನ್ಯಾಚುರಲಿಸ್ಟ್ ತನ್ನ ವಿಷಯದಲ್ಲಿ ಮಾತ್ರ ಆ ಶಾಸ್ತ್ರವನ್ನೆಲ್ಲ ಮರೆತು ಡಾಕ್ಟರ ವಿಳಾಸ ವಿಚಾರಿಸುತ್ತಾನೆ. ಚಗಳಿ ಇರುವೆಯ ಚಟ್ನಿಯ ವಿಷಯದಲ್ಲಂತೂ ಇವರ ನಡುವೆ ಅಂತರರಾಜ್ಯ ವಿವಾದವೇ ಇದೆ. ಒಡಿಶಾದ ಸಿಮ್ಲಿಪಾಲ್ ಕಾಡಿರುವ ಮಯೂರ್‌ಭಂಜ್ ಜಿಲ್ಲೆಯ ಇರುವೆ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅಲ್ಲಿಂದ ಬಂದ ಗೆಳೆಯನೆದುರು ಮಲೆನಾಡಿನವನು ಕಾವೇರಿ ವಿವಾದದ ಧಾಟಿಯಲ್ಲಿ ಮಾತಾಡುತ್ತಾನೆ.

ಎರಡು ಹಸಿವೂ ಒಂದೇ ಎಂಬ ಮಾತಿಗೆ ಗಟ್ಟಿ ಸಾಕ್ಷಿ ಬೇಕೆಂದರೆ ಮಧ್ಯಪ್ರದೇಶದ ರತ್ಲಾಂ ಬಳಿಯ ಸೈಲಾನಾ ಎಂಬ ಸಣ್ಣ ಊರನ್ನು ನೋಡಬೇಕು. ಖರ್ಮೋರ್ ಎಂಬ ಹುಲ್ಲುಗಾವಲಿನ ಹಕ್ಕಿಗಾಗಿ 1983ರಲ್ಲಿ ಅಲ್ಲಿ ಅಭಯಾರಣ್ಯ ಮಾಡಿದರು. ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಗಂಡು ಖರ್ಮೋರ್ ಹೆಣ್ಣಿಗೆ ಕಾಣಲೆಂದು ಹುಲ್ಲಿನ ಮೇಲಕ್ಕೆ ನೆಗೆಯುತ್ತದೆ, ದಿನಕ್ಕೆ ನೂರಾರು ಸಲ. ಹುಲಿ ಕಾಡಿಗೆ ಬೀಗ ಬಿದ್ದಿರುವ ತಿಂಗಳುಗಳೇ ಅದರ ಸೀಸನ್. ಇದೇ ಸೈಲಾನಾದ ರಾಜಮನೆತನ ಅಡುಗೆಗೆ ಹೆಸರಾದದ್ದು. ಅಲ್ಲಿನ ದಿಗ್ವಿಜಯ ಸಿಂಹರ ಅರಮನೆ ಅಡುಗೆಯ ಪುಸ್ತಕ ದೇಶದ ಬಾಣಸಿಗರ ಕಪಾಟುಗಳಲ್ಲಿದೆ. ಒಂದೇ ಊರಲ್ಲಿ ಅಳಿವಿನಂಚಿನ ಹಕ್ಕಿ ಮತ್ತು ಅಳಿಯದ ಅಡುಗೆ, ಸಾಲದ್ದಕ್ಕೆ ಪಕ್ಕದಲ್ಲೇ ರತ್ಲಾಂ ಸೇವು. ಅಲ್ಲಿಗೆ ಹೋದ ನ್ಯಾಚುರಲಿಸ್ಟನ ಒಂದು ಕೈಯಲ್ಲಿ ದುರ್ಬೀನು, ಇನ್ನೊಂದರಲ್ಲಿ ಸೇವಿನ ಪೊಟ್ಟಣ. ಈಚಿನ ವರ್ಷಗಳಲ್ಲಿ ಖರ್ಮೋರ್ ಬೆರಳೆಣಿಕೆಗೆ ಇಳಿದಿದೆ, ಹುಲ್ಲುಗಾವಲು ಹೊಲವಾಗುತ್ತಿದೆ. ಆದ್ದರಿಂದ ಮೊದಲು ಖಾಲಿಯಾಗುವುದು ಪೊಟ್ಟಣ. ಹಕ್ಕಿ ನೆಗೆಯುವ ಹೊತ್ತಿಗೆ ಕೈ ಎಣ್ಣೆಯಾಗಿ ದುರ್ಬೀನಿನ ಚಕ್ರ ಜಾರುವುದೂ ಉಂಟು.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಕೆಲವು ಬಲವಾದವೇ. ಮೊದಲನೆಯದು: ಇದು ಹಸಿವೂ ಅಲ್ಲ, ಮಣ್ಣೂ ಅಲ್ಲ, ಬರೀ ಪಟ್ಟಿ ಬೆಳೆಸುವ ಚಟ. ಮೊದಲ ಸಲ ಕಂಡ ಪ್ರಾಣಿಪಕ್ಷಿಗೆ ಇವರು 'ಲೈಫರ್' ಎನ್ನುತ್ತಾರೆ, ಟಿಕ್ ಹಾಕುತ್ತಾರೆ, ರಾತ್ರಿ ಗ್ರೂಪಿನಲ್ಲಿ ಹಾಕಿ ಹೊಟ್ಟೆ ಉರಿಸುತ್ತಾರೆ. ನಿಜ, ಅಲ್ಲಗಳೆಯಲಾರೆ. ಆದರೆ ಆ ಚಟಕ್ಕೆ ಊಟವೇ ಕಡಿವಾಣ. ಹಕ್ಕಿಗೆ ದೂರದಿಂದ ಟಿಕ್ ಹಾಕಿ ಓಡಬಹುದು. ಕಳಲೆ ಪಲ್ಯ ಬೇಕೆಂದರೆ ಒಬ್ಬರ ಮನೆಯ ಜಗಲಿಯಲ್ಲಿ ಕೂರಬೇಕು, ಅವರ ದನದ ಕಾಯಿಲೆ, ಅಡಿಕೆಯ ಕೊಳೆರೋಗ, ತೋಟಕ್ಕೆ ಬಂದ ಆನೆ ಎಲ್ಲ ಕೇಳಬೇಕು. ಸೀಸನ್ನಿನಲ್ಲಿ ಇವನು ಪ್ರೊಜೆಕ್ಟರ್ ಪರದೆಯ ಮೇಲೆ 'ಸ್ಥಳೀಯ ಸಮುದಾಯ' ಎಂದು ಒಂದು ಸ್ಲೈಡ್ ತೋರಿಸುತ್ತಾನಲ್ಲ, ಆ ಸಮುದಾಯ ಇವನಿಗೆ ಎಲೆ ಹಾಕಿ ಬಡಿಸಿ "ನಿಮ್ಮ ಆನೆ ನಮ್ಮ ಬಾಳೆ ತಿಂದಿತು" ಎನ್ನುವುದು ಆಫ್ ಸೀಸನ್ನಿನಲ್ಲಿ ಮಾತ್ರ. ಬಾಯಲ್ಲಿ ಅವರದೇ ಅನ್ನವಿರುವಾಗ ಸಂರಕ್ಷಣೆಯ ಭಾಷಣ ಹೊರಡುವುದಿಲ್ಲ.

ಎರಡನೆಯದು ಇನ್ನೂ ಗಂಭೀರ. ವನ್ಯಜೀವಿ ಪ್ರೇಮಿ ಕಾಡಿನದನ್ನೇ ಹುಡುಕಿ ತಿನ್ನುವುದು ಯಾವ ನ್ಯಾಯ? ಗೋವಾದಲ್ಲಿ ಗೂಳಿಗಪ್ಪೆಯನ್ನು 'ಜಂಪಿಂಗ್ ಚಿಕನ್' ಎಂದು ಕರೆದು ತಿನ್ನುವ ರೂಢಿಯಿದೆ. ಕಪ್ಪೆ ಕಾಲಿನ ರಫ್ತು 1987ರಲ್ಲೇ ನಿಂತಿತು, ಹಿಡಿಯುವುದೂ ಕಾನೂನಿಗೆ ವಿರುದ್ಧ. 'ಅಲ್ಲಿ ಮಾತ್ರ, ಆಗ ಮಾತ್ರ' ಎಂಬ ಸೂತ್ರವನ್ನು ಕಣ್ಣುಮುಚ್ಚಿ ಪಾಲಿಸಿದರೆ ಅದೂ ತಟ್ಟೆಗೆ ಬರಬೇಕಾಗುತ್ತದೆ. ಹುತ್ತದ ಅಣಬೆ ಕಾನೂನಿಗೆ ಸಿಕ್ಕದಿದ್ದರೂ, ಕೊಡೆ ಬಿಚ್ಚುವ ಮೊದಲೇ ಒಂದೂ ಬಿಡದೆ ಕಿತ್ತರೆ ಬೀಜಾಣು ಹರಡುವುದು ಎಲ್ಲಿಂದ? ರಾತ್ರಿ ಕಪ್ಪೆ ನಡಿಗೆಯಲ್ಲೂ ಇದೇ ಕತೆ. ಅತಿಥಿ ಜೀಪಿನಲ್ಲಿ ಜೋರಾಗಿ ಸೀನಿದರೆ ಗದರಿಸುವವನೇ ಅಲ್ಲಿ ಗುಳಿಮಂಡಲ ಹಾವನ್ನು ಕಡ್ಡಿಯಿಂದ ಸರಿಸಿ ಒಳ್ಳೆಯ ಎಲೆಯ ಮೇಲೆ ಕೂರಿಸಿ ಫೋಟೋ ತೆಗೆಯುವುದುಂಟು. ಇವರಲ್ಲಿ ಹೆಚ್ಚಿನವರು ಹಾಗಲ್ಲ, ಮುಟ್ಟುವುದಿಲ್ಲ, ಜಾಗದ ಹೆಸರು ಹಾಕುವುದಿಲ್ಲ ಎಂದು ಸಮರ್ಥಿಸಬಹುದು. ಜಾಗದ ಹೆಸರು ಮುಚ್ಚಿಡುವುದರಲ್ಲಿ ಸಂರಕ್ಷಣೆ ಎಷ್ಟು, ಇನ್ನೊಬ್ಬನಿಗೆ ಸಿಗಬಾರದೆಂಬ ಆಸೆ ಎಷ್ಟು ಎಂದು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಇಷ್ಟು ಮಾತ್ರ ಹೇಳಬಹುದು: ಬೇಡ ಎನ್ನುವುದು ಯಾವುದಕ್ಕೆ ಎಂದು ಈ ಕಸುಬಿನವನಿಗೆ ಗೊತ್ತಿದೆ. ಗೊತ್ತಿದ್ದೂ ತಪ್ಪಿದರೆ ಅದು ಅಜ್ಞಾನದ ಲೆಕ್ಕಕ್ಕೆ ಹೋಗದು.

ಇನ್ನೊಂದು ಮಾತಿದೆ, ಅದು ಆಕ್ಷೇಪಕ್ಕಿಂತ ತಿದ್ದುಪಡಿ. ರೆಸಾರ್ಟ್ ಸಿಬ್ಬಂದಿ ಎಂದರೆ ಈ ಒಬ್ಬನೇ ಅಲ್ಲ. ಕಾನ್ಹಾದ ಗೇಟು ಮುಚ್ಚಿದ ದಿನ ಗೊಂಡ, ಬೈಗಾ ಸಮುದಾಯದ ಗೈಡುಗಳು, ಡ್ರೈವರುಗಳು, ಹಾಸಿಗೆ ಸರಿಮಾಡುವ ಹುಡುಗರು ಪ್ರವಾಸ ಹೋಗುವುದಿಲ್ಲ, ಗದ್ದೆಗೆ ಇಳಿಯುತ್ತಾರೆ. ಮೊದಲ ಮಳೆಗೆ ಸಾಲವೃಕ್ಷದ ಬೇರಿನ ಬಳಿ ನೆಲದಡಿ ಮೂಡುವ ಪುಟು ಅಣಬೆಯನ್ನು ಕೆದಕಿ ತೆಗೆದು ಸಂತೆಗೆ ಒಯ್ಯುತ್ತಾರೆ. ಬೇಸಾಯ ಮಾಡಿ ಬೆಳೆಯಲಾಗದ ಅದಕ್ಕೆ ಮಾಂಸವನ್ನೂ ಮೀರಿದ ಬೆಲೆ. ಅಂದರೆ ನ್ಯಾಚುರಲಿಸ್ಟ್ ಸಾವಿರಾರು ಕಿಲೋಮೀಟರ್ ಅಲೆದು ಹುಡುಕುವುದು ಅವನ ಸಹೋದ್ಯೋಗಿಯ ಹಿತ್ತಿಲಲ್ಲಿದೆ. ಅದು ಇವನಿಗೆ ತಿಳಿಯದ್ದೇನಲ್ಲ. ಸ್ಟಾಫ್ ಮೆಸ್ಸಿನಲ್ಲಿ ಸೀಸನ್ನೆಲ್ಲ ಉಣ್ಣುವುದು ಆಯಾ ಊರಿನ ಊಟವನ್ನೇ: ಕಬಿನಿಯ ಕಡೆ ಮುದ್ದೆ ಬಸ್ಸಾರು, ಕಾನ್ಹಾದ ಕಡೆ ಹಾರಕ ಸಾಮೆಯ ಪೇಜ್ ಗಂಜಿ. ಕರ್ನಾಟಕದ ಕಾಡುಗಳು ಮಳೆಗಾಲಕ್ಕೆ ಹಾಗೆ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಕಬಿನಿ ಕಡೆಯವರು ಸರದಿಯ ಮೇಲೆ ಹೊರಡುತ್ತಾರೆ. ಸಂಬಳವೂ ದೊಡ್ಡದಲ್ಲ. ಒಂದು ಕಾಡಿನವನು ಇನ್ನೊಂದು ಕಾಡಿನವನ ಕ್ವಾರ್ಟರ್ಸಿನಲ್ಲಿ ಚಾಪೆ ಹಾಸಿ ಮಲಗಿ, ಅವನ ಮೆಸ್ಸಿನಲ್ಲಿ ಉಂಡು ಈ ಪ್ರವಾಸ ಸಾಗಿಸುವುದರಿಂದ, ಇವನು ತಿನ್ನುವ ಊಟದ ಬಹುಪಾಲು ಇನ್ನೊಬ್ಬ ಸಿಬ್ಬಂದಿಯ ಊರಿನದೇ.

ಅಕ್ಟೋಬರಿನಲ್ಲಿ ವಾಪಸಾದ ಮೇಲೆ ಇವನಿಗೆ ಸುಧಾರಣೆಯ ಹುರುಪು. ಬಾಣಸಿಗನನ್ನು ವಾರಗಟ್ಟಲೆ ಕಾಡಿ ಬೇಡಿ, ಬೆಳಗಿನ ಬಫೆಯಲ್ಲಿ ಪೇಜ್ ಇಡಿಸುತ್ತಾನೆ. ಮ್ಯಾನೇಜರ್ ಅದರ ಮುಂದೆ 'ಟ್ರೈಬಲ್ ಮಿಲೆಟ್ ಸೂಪ್' ಎಂದು ಚೀಟಿ ನಿಲ್ಲಿಸುತ್ತಾನೆ. ಅತಿಥಿಗಳು ಚೀಟಿಯ ಫೋಟೋ ತೆಗೆದು ಆಮ್ಲೆಟ್ಟಿನ ಸಾಲಿಗೆ ಹೋಗುತ್ತಾರೆ. ಹತ್ತೂವರೆಗೆ ಪಾತ್ರೆ ತುಂಬಿದಂತೆಯೇ ಸ್ಟಾಫ್ ಮೆಸ್ಸಿಗೆ ಹೋಗುತ್ತದೆ, ಹನ್ನೊಂದಕ್ಕೆ ತೊಳೆಯಲು ಬೀಳುತ್ತದೆ.