ಭೀಮನ ಕೈಸಾಲ

ನಮ್ಮ ಮಂಡ್ಯ ಸೀಮೆಯಲ್ಲಿ ಗಂಡಸಾಗಿ ಹುಟ್ಟಿದವನಿಗೆ ಮನೆ ಕಟ್ಟಬೇಕು, ಮಕ್ಕಳ ಮದುವೆ ಮಾಡಬೇಕು ಎನ್ನುವುದು ಜವಾಬ್ದಾರಿ. ಕನಸು ಬೇರೆ. 'ಕುರುಕ್ಷೇತ್ರ' ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡಬೇಕು! ಧರ್ಮರಾಯ ಆಗಬೇಕೆಂದು ಕನಸು ಕಂಡವನನ್ನು ನಾನಿನ್ನೂ ನೋಡಿಲ್ಲ. ಧರ್ಮರಾಯ ಆಗುವವರು ಸಾಮಾನ್ಯವಾಗಿ ಮೀಟಿಂಗಿಗೆ ತಡವಾಗಿ ಬಂದವರು.

ಈ ಕಡೆಯ ಪೌರಾಣಿಕ ನಾಟಕದ ಅರ್ಥಶಾಸ್ತ್ರ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ನಟನಿಗೆ ಯಾರೂ ದುಡ್ಡು ಕೊಡುವುದಿಲ್ಲ, ನಟನೇ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರು, ತಬಲ, ಡ್ರೆಸ್ಸು, ಸೀನರಿ, ಪೆಂಡಾಲು, ಮೈಕು, ದ್ರೌಪದಿಯಾಗಲು ಪರಸ್ಥಳದಿಂದ ಬರುವ ಕಲಾವಿದೆಯ ಸಂಭಾವನೆ, ಎಲ್ಲವನ್ನೂ ಕೂಡಿ ಪಾತ್ರಗಳ ತಲೆಗೆ ಹಾಕುತ್ತಾರೆ. ಪಾರ್ಟು ದೊಡ್ಡದಾದಷ್ಟೂ ದುಡ್ಡು ಜಾಸ್ತಿ. ಕೃಷ್ಣ ಒಬ್ಬನ ಕೈಗೆಟುಕದಿದ್ದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾಲು ಮಾಡಿಕೊಳ್ಳುತ್ತಾರೆ. ಶಯನಗೃಹದಲ್ಲಿ ಕಡ್ಡಿಯಂತೆ ಮಲಗಿದ್ದ ಭಗವಂತ ಸಂಧಾನಕ್ಕೆ ಬರುವಷ್ಟರಲ್ಲಿ ಹೊಟ್ಟೆ ಬೆಳೆಸಿಕೊಂಡು, ಮೀಸೆಯ ಜಾಗಕ್ಕೆ ಬಣ್ಣ ಮೆತ್ತಿಕೊಂಡು ಬಂದರೂ ಜನ ತಕರಾರು ಮಾಡುವುದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮ್ಮೂರಿನ ಮಂಡಳಿಗೆ ಆನೆ ತರುವ ತಾಕತ್ತಿಲ್ಲ. ಆದರೆ ಒಂದೇ ದೇವರನ್ನು ಇಬ್ಬರಿಗೆ ಮಾರುವ ಚಾಕಚಕ್ಯತೆ ಗುಬ್ಬಿ ಕಂಪನಿಗೂ ಇದ್ದಿರಲಾರದು.

ನನಗೆ ಪೂರ್ತಿ ದುರ್ಯೋಧನ ಬೇಕಿತ್ತು. ಅರ್ಧ ಆಯುಷ್ಯ ಸಂಬಳದಲ್ಲೇ ಹಂಚಿ ಬದುಕಿದವನಿಗೆ ಇದೊಂದಾದರೂ ಇಡಿಯಾಗಿರಲಿ ಎಂಬ ಹಟ. ದುಡ್ಡು ಮಾತ್ರ ಇಡಿಯಾಗಿರಲಿಲ್ಲ. ಹಾಗಾಗಿ ಗೆಳೆಯರ ಮನೆಗೆ ಹೊರಟೆ.

ಹಾಗೆ ಹೊರಡುವುದೂ ಪಾತ್ರಕ್ಕೆ ತಕ್ಕುದೇ. ಯುದ್ಧಕ್ಕೆ ಮುಂಚೆ ದುರ್ಯೋಧನ ಮಾಡಿದ್ದೇನು? ಸಹಾಯ ಕೇಳಲು ದ್ವಾರಕೆಗೆ ಹೋದ. ಹೋದವನು ಮಲಗಿದ್ದ ಕೃಷ್ಣನ ತಲೆದೆಸೆಯಲ್ಲಿ ಕೂತ. ಆಮೇಲೆ ಬಂದ ಅರ್ಜುನ ಕಾಲದೆಸೆಗೆ ನಿಂತು, ಎದ್ದವನ ಕಣ್ಣಿಗೆ ಮೊದಲು ಬಿದ್ದ. ಈ ಕಥೆ ಬಾಯಿಪಾಠವಾಗಿದ್ದ ನಾನು ಚೀಟಿ ನಡೆಸುವ ಗೆಳೆಯನ ಮನೆಯಲ್ಲಿ ಸೋಫಾ ಬಿಟ್ಟು, ಅವನ ಕಾಲಿನ ಹತ್ತಿರವೇ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತೆ.

"ಏನ್ಲಾ ವಿಸ್ಯ?"

"ದುರ್ಯೋಧನ ಮಾಡವಾ ಅಂತ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ನಡುವಿಗೆ ಬಂದು ನಿಂತ. "ನಿನ್ನ ತೊಡೆ ನೋಡ್ಕಂಡಿದೀಯೇನ್ಲಾ? ಅದನ್ನ ಮುರಿಯಕ್ಕೆ ಭೀಮ ಯಾಕೆ, ಸಹದೇವನೇ ಸಾಕು ಕಣೋ."

ಹೀಗೆಂದವನು ಒಳಗೆ ಹೋಗಿ ದುಡ್ಡು ತಂದುಕೊಟ್ಟ. ಪತ್ರವಿಲ್ಲ, ಜಾಮೀನಿಲ್ಲ. ಕರ್ಣನಿಗೆ ದುರ್ಯೋಧನ ಅಂಗರಾಜ್ಯ ಕೊಟ್ಟದ್ದೂ ಹೀಗೇ ಇದ್ದಿರಬೇಕು ಎಂದು ನನ್ನ ಕಣ್ಣು ಒದ್ದೆಯಾಗುವುದರಲ್ಲಿತ್ತು. "ಮನೇಲಿ ಗೊತ್ತಾಗೋದು ಬ್ಯಾಡ" ಅಂದೆ. "ನನ್ ಬಾಯಿಂದ ಬರಕ್ಕಿಲ್ಲ. ಆದ್ರೆ ಭೀಮನ ಪಾರ್ಟು ನಂದು" ಅಂದ. ಕೃಷ್ಣ ಕೂಡ ಹೀಗೇ ಅಲ್ಲವೆ? ಸೈನ್ಯವನ್ನೆಲ್ಲ ಇವನಿಗೆ ಕೊಟ್ಟು, ತಾನು ಮಾತ್ರ ಆ ಕಡೆಗೆ ಹೋದ.

ಉಳಿದವರೂ ಬರಿಗೈಯಲ್ಲಿ ಕಳಿಸಲಿಲ್ಲ. ನಾನು ಕೇಳಿದ್ದು ದುಡ್ಡು, ಅವರು ಕೊಟ್ಟದ್ದು ತಮ್ಮಲ್ಲಿ ಹೆಚ್ಚಾಗಿದ್ದದ್ದು. ಕೋಳಿ ಫಾರಂ ಗೆಳೆಯ, ಕಂಠ ತೆರೆಯುತ್ತದೆಂದು ದಿನಾ ಸಂಜೆ ಪ್ರ್ಯಾಕ್ಟೀಸಿಗೆ ಹಸಿ ಮೊಟ್ಟೆ ಕಳಿಸಿದ. ಕಂಠ ತೆರೆಯಲಿಲ್ಲ. ಕಂದಪದ್ಯದ ನಡುವೆ ತೇಗು ಬರುವುದು ರೂಢಿಯಾಯಿತು, ಮೇಷ್ಟ್ರು ಅದಕ್ಕೊಂದು ತಾಳ ಹೊಂದಿಸಿದರು. ಹೈಸ್ಕೂಲಿನಲ್ಲಿ ಕನ್ನಡ ಹೇಳುವ ಗೆಳೆಯ ಉಚ್ಚಾರಣೆಯ ಹೊಣೆ ಹೊತ್ತ. ನಾನು 'ಚಲ' ಅಂದರೆ ಅವನು 'ಛಲ' ಅನ್ನುವನು, ನಾನು 'ಅಸ್ತಿನಾವತಿ' ಅಂದರೆ ಅವನು ಹಣೆ ಚಚ್ಚಿಕೊಳ್ಳುವನು. ಕೊನೆಗೆ ಕೈಮುಗಿದು, "ಮಾರಾಯ, ಮಹಾಪ್ರಾಣ ಬರೋವರ್ಗೂ ಪ್ರಾಣ ಬಿಡಬೇಡ" ಎಂದು ಬೇಡಿಕೊಂಡ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುವವನು 'ಕೌರವೇಶ್ವರ' ಎಂದು ವಾಟ್ಸಾಪ್ ಗ್ರೂಪ್ ತೆರೆದ. ಅದರಲ್ಲಿ ಈಗಲೂ ಶುಭೋದಯ ಬರುತ್ತಿರುತ್ತದೆ.

ಫ್ಲೆಕ್ಸ್ ಮಾತ್ರ ಹೇಳಲೇಬೇಕಾದ ಸಂಗತಿ. ಪಂಚಾಯ್ತಿ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದ ಗೆಳೆಯನೊಬ್ಬ ಪ್ರಚಾರದ ಖರ್ಚೆಲ್ಲ ತನ್ನದೇ ಅಂದಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ ಮೇಲೆ ಹೋಗಿ ನೋಡಿದರೆ, 'ಶುಭ ಕೋರುವವರು' ಎಂದು ಕಪ್ಪು ಕನ್ನಡಕ ಹಾಕಿದ ಅವನು ಆಳೆತ್ತರಕ್ಕೆ ನಿಂತಿದ್ದ. ಅವನ ಸುತ್ತ ಅವನ ಅಭಿಮಾನಿಗಳು. 11 ಅಕ್ಷೋಹಿಣಿಯ ಒಡೆಯ ಕೆಳಗೆ ಮೂಲೆಯಲ್ಲಿ, ಪ್ರಿಂಟರ್‌ನ ಫೋನ್ ನಂಬರಿನ ಪಕ್ಕದಲ್ಲಿದ್ದ.

ನಾಟಕದ ರಾತ್ರಿ ಉದ್ಘಾಟಕರ ಭಾಷಣ ಮುಗಿಯುವ ಹೊತ್ತಿಗೆ ದುಶ್ಶಾಸನನಿಗೆ ಒಂದು ನಿದ್ದೆ ಆಗಿತ್ತು. ನಾನು ಪ್ರವೇಶ ಮಾಡಿ ಬಾಯಿ ತೆರೆಯುವ ಮುಂಚೆಯೇ ಕೋಳಿ ಫಾರಂ ಕಡೆಯಿಂದ "ಒನ್ಸ್ ಮೋರ್" ಬಂತು. ಅಭಿಮಾನ ಅಂದರೆ ಹಾಗಿರಬೇಕು. ಆಮೇಲಿನದೆಲ್ಲ ಹಾರ, ಶಾಲು, ಮೈಕಿನಲ್ಲಿ ಹೆಸರು ಕೂಗುವುದು. ಕೌರವೇಶ್ವರನ ಅಭಿನಯ ಮೆಚ್ಚಿ ಇಂಥವರು 101, ಇಂಥವರು 501. ಇವೆಲ್ಲ ಮುಯ್ಯಿ, ಅವರವರ ಮನೆಯವರು ಬಣ್ಣ ಹಚ್ಚಿದಾಗ ನಾನು ತಿರುಗಿ ಹಾಕಬೇಕು.

ಬೆಳಗಿನ ಜಾವ ವೈಶಂಪಾಯನ ಸರೋವರದ ಸೀನು. ದುರ್ಯೋಧನ ನೀರೊಳಗೆ ಅಡಗಿದ್ದಾನೆ, ಭೀಮ ದಡದಲ್ಲಿ ಮೂದಲಿಸುತ್ತಿದ್ದಾನೆ, ಅಷ್ಟರಲ್ಲಿ ಫ್ಲೆಕ್ಸ್ ಗೆಳೆಯ ಫೋಟೋದವನೊಂದಿಗೆ ಸರೋವರಕ್ಕೇ ಇಳಿದ. ನೀಲಿ ಸೀರೆಯ ಅಲೆಗಳ ನಡುವೆ ನನಗೆ ಮೈಸೂರು ಪೇಟ ತೊಡಿಸಿ, ನಾಲ್ಕು ಕೋನದಲ್ಲಿ ಫೋಟೋ ತೆಗೆಸಿಕೊಂಡು ಹೋದ. ಭೀಮ ಗದೆ ಊರಿಕೊಂಡು ತಾಳ್ಮೆಯಿಂದ ಕಾಯುತ್ತಿದ್ದ.

ಗದೆ ಬಿತ್ತು, ತೊಡೆ ಮುರಿಯಿತು, ನಾನು ಮಲಗಿದೆ. ಭೀಮನಿಗೆ ಅವನ ಚೀಟಿ ಸದಸ್ಯರು ಸೇಬಿನ ಹಾರ ಹಾಕಿದರು. ಇದನ್ನು ಕಂಡ ಕೋಳಿ ಫಾರಂ ಗೆಳೆಯನಿಗೆ ತಡೆಯಲಾಗಲಿಲ್ಲ, ನನಗೂ ಒಂದು ಹಾರ ತಂದ. ಮಲಗಿದವನ ಕೊರಳಿಗೆ ಹಾರ ಹಾಕಿದರೆ ಅಪಶಕುನವೆಂದು ಯಾರೋ ಅಂದರು. ಮುರಿದ ತೊಡೆಯ ಮೇಲೆ ಎದ್ದು ನಿಂತು, ಹಾರ ಹಾಕಿಸಿಕೊಂಡು, ನಾಲ್ಕು ಕಡೆಗೂ ಕೈಮುಗಿದು ಮತ್ತೆ ಬಿದ್ದೆ. ಇಡೀ ರಾತ್ರಿಯಲ್ಲಿ ನನಗೆ ಬಿದ್ದ ದೊಡ್ಡ ಚಪ್ಪಾಳೆ ಅದು.

ಭೀಮ ನನ್ನ ಕಿರೀಟಕ್ಕೆ ಕಾಲಿಟ್ಟು, ಬಗ್ಗಿ, ಕಿವಿಯ ಹತ್ತಿರ ಮೆಲ್ಲಗೆ ಹೇಳಿದ: "ಬಡ್ಡಿ ಬ್ಯಾಡ ಕಣ್ಲಾ, ಗೌರಿ ಹಬ್ಬದೊಳಗೆ ಅಸಲಾದ್ರೂ ಕೊಟ್ಬುಡು."

ನಮ್ಮ ತಲೆಯ ಮೇಲೇ ಮೈಕು ತೂಗಾಡುತ್ತಿತ್ತು. ಮಾತು ಊರಿಗೆಲ್ಲ ಕೇಳಿಸಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಎದ್ದು ನಿಂತಳು. ಜನ ಮಾತ್ರ ಅದನ್ನು ನಾಟಕದ್ದೇ ಡೈಲಾಗು ಎಂದುಕೊಂಡು "ಒನ್ಸ್ ಮೋರ್" ಎಂದು ಕೂಗಿದರು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಕೊಟ್ಟರು. ಭೀಮ ಗದೆಯನ್ನು ಹೆಗಲಿಗೇರಿಸಿಕೊಂಡು, ಅದನ್ನೇ ಇನ್ನೊಮ್ಮೆ ಮೋಹನ ರಾಗದಲ್ಲಿ ಹಾಡಿದ.